ಇನ್ನೂ 3,600 ಕಿಲೋಮೀಟರ್ ಇದೆ ಎಂದಿತು ಕಾರು

ಕಳೆದ ವರ್ಷ ದಸರಾ ರಜೆಗೆ ಸಾಗರಕ್ಕೆ ಹೊರಡುವ ಹಿಂದಿನ ದಿನ ಬೆಳಿಗ್ಗೆ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಬಾನೆಟ್ ಎತ್ತಿದೆ. ವೈಪರಿಗೆ ನೀರು ತುಂಬಿಸುವುದಷ್ಟೇ ಉದ್ದೇಶ. ಹೇಗೂ ಎತ್ತಿದ್ದಾಯಿತು, ಇದನ್ನೂ ನೋಡಿಬಿಡೋಣ ಎಂದು ಆಯಿಲಿನ ಮಟ್ಟ ಅಳೆಯುವ ಕಡ್ಡಿಯನ್ನು (ಡಿಪ್‌ಸ್ಟಿಕ್) ಎಳೆದು, ಹಳೆಯ ಬನಿಯನ್ ಚೂರಿನಲ್ಲಿ ಒರೆಸಿ, ಮತ್ತೆ ಇಳಿಸಿ ತೆಗೆದೆ. ಮೇಲಿನ ಗೆರೆಯನ್ನೂ ದಾಟಿ ಒಂದು ಬೆರಳಗಲ ಆಯಿಲ್ ಅಂಟಿತ್ತು. ಮೂಗಿನ ಹತ್ತಿರ ಹಿಡಿದರೆ ಡೀಸೆಲ್ ವಾಸನೆ.

ಆಯಿಲ್ ಕಡಿಮೆಯಾಗುವ ಕಾರುಗಳನ್ನು ನಾನು ಕಂಡಿದ್ದೆ. ಯಾರೂ ಸುರಿಯದೆ ಹೆಚ್ಚಾಗುವುದನ್ನು ನೋಡಿದ್ದು ಅದೇ ಮೊದಲು. ಹಿಂದಿನ ಸರ್ವಿಸ್ ಆದ ವಾರ ಇದೇ ಕಡ್ಡಿಯಲ್ಲಿ ಆಯಿಲ್ ಎರಡು ಗೆರೆಗಳ ನಡುವೆ ಇದ್ದದ್ದು ಚೆನ್ನಾಗಿ ನೆನಪಿತ್ತು. ಅಲ್ಲಿಂದ ಒಂಬತ್ತು ತಿಂಗಳು ಕಳೆದಿತ್ತು, 6,400 ಕಿ.ಮೀ. ಓಡಿತ್ತು. ಡ್ಯಾಶ್‌ಬೋರ್ಡಿನ ಪರದೆಯಲ್ಲಿ ಸ್ಪ್ಯಾನರ್ ಚಿತ್ರದ ಪಕ್ಕ ‘3,600 ಕಿ.ಮೀ.’ ಎಂದು ಹಾಯಾಗಿ ತೋರಿಸುತ್ತಿತ್ತು, ಮುಂದಿನ ಸರ್ವಿಸಿಗೆ ಇನ್ನೂ ಅಷ್ಟು ಬಾಕಿ ಎಂದು.

ಸರ್ವಿಸ್ ಸೆಂಟರಿಗೆ ಫೋನು ಮಾಡಿದೆ. ಅಡ್ವೈಸರ್ ವಿನಯವಾಗಿಯೇ ಮಾತನಾಡಿದರು: “ಸರ್, ಪರದೆಯಲ್ಲಿ ಇನ್ನೂ ಮೂರು ಸಾವಿರದ ಆರುನೂರು ಇದೆಯಲ್ಲ, ಈಗಲೇ ಏಕೆ ದುಡ್ಡು ಹಾಕುತ್ತೀರಿ?” ಕಡ್ಡಿಯ ವಿಷಯ ಹೇಳಿದೆ. “ರಿಮೈಂಡರ್ ಬಂದಾಗ ತನ್ನಿ ಸರ್, ನೋಡೋಣ” ಎಂದರು. ಅವರ ತಪ್ಪಲ್ಲ, ಅವರೂ ನೋಡುತ್ತಿದ್ದದ್ದು ಅದೇ ಅಂಕಿಯನ್ನು. ಆದರೂ ಹಟ ಹಿಡಿದು ಅಂದೇ ಗಾಡಿ ಒಯ್ದೆ, ಆಯಿಲನ್ನೂ ಫಿಲ್ಟರನ್ನೂ ಬದಲಾಯಿಸಿಕೊಂಡೆ. ಹಳೆಯ ಆಯಿಲ್ ಇಳಿಯುವಾಗ ಮೊದಲ ಧಾರೆಯನ್ನು ಬಿಟ್ಟು, ನಡುವೆ ಒಂದಿಷ್ಟನ್ನು ಒಣಗಿದ ಬಾಟಲಿಯಲ್ಲಿ ಹಿಡಿದು ಪರೀಕ್ಷೆಗೆ ಕಳಿಸಿದೆ. 5ಡಬ್ಲ್ಯೂ-30 ದರ್ಜೆಯ ಆಯಿಲ್ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 9.3 ಸೆಂಟಿಸ್ಟೋಕ್ಸ್ ಸ್ನಿಗ್ಧತೆ (ಅಂದರೆ ಮಂದತನ) ಉಳಿಸಿಕೊಳ್ಳಬೇಕು. ನನ್ನದು 8.2ಕ್ಕೆ ಇಳಿದಿತ್ತು. ಕಾರಣದ ಕಾಲಮಿನಲ್ಲಿ ಇಂಧನ ಬೆರೆತಿದೆ ಎಂದು ಬರೆದಿದ್ದರು.

ಡೀಸೆಲ್ ಹೇಗೆ ಬೆರೆಯಿತು? 2020ರ ಏಪ್ರಿಲ್‌ನಿಂದ ದೇಶಕ್ಕೆಲ್ಲ ಬಿಎಸ್6 ಎಂಬ ಹೊಗೆ ನಿಯಂತ್ರಣದ ನಿಯಮ ಬಂದ ಮೇಲೆ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಜರಡಿ ಇರುತ್ತದೆ. ಜರಡಿ ತುಂಬುತ್ತ ಬಂದಂತೆ ಇಂಜಿನ್ ತಾನಾಗಿಯೇ ಮಸಿಯನ್ನು ಸುಡುತ್ತದೆ. ಅದಕ್ಕೆ ಸುಮಾರು 600 ಡಿಗ್ರಿ ಬಿಸಿ ಬೇಕು. ಆ ಬಿಸಿಗಾಗಿ ಬಹುಪಾಲು ಕಾರುಗಳು ಸಿಲಿಂಡರಿಗೆ ತುಸು ತಡವಾಗಿ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತವೆ. ಅದರಲ್ಲಿ ಸ್ವಲ್ಪ ಸಿಲಿಂಡರಿನ ಗೋಡೆಗೆ ಅಂಟಿ, ಪಿಸ್ಟನ್ ರಿಂಗುಗಳ ಸಂದಿನಲ್ಲಿ ಜಾರಿ ಕೆಳಗಿನ ಆಯಿಲಿಗೆ ಸೇರುತ್ತದೆ. ಹೆದ್ದಾರಿಯಲ್ಲಿ ಹದಿನೈದು ಇಪ್ಪತ್ತು ನಿಮಿಷದಲ್ಲಿ ಸುಡುವ ಕೆಲಸ ಮುಗಿಯುತ್ತದೆ. ರಾಜಾಜಿನಗರದ ಮನೆಯಿಂದ ಆರು ಕಿಲೋಮೀಟರ್ ದೂರದ ಕಚೇರಿಗೆ ತೆವಳುವ ನನ್ನ ಕಾರಿನಲ್ಲಿ ಅರ್ಧಕ್ಕೇ ನಿಂತು, ಮರುದಿನ ಮೊದಲಿನಿಂದ ಶುರುವಾಗುತ್ತಿತ್ತು. ಪ್ರತಿ ಸಲವೂ ಒಂದಿಷ್ಟು ಡೀಸೆಲ್ ಕೆಳಕ್ಕೆ.

ಇದರ ಸುಳಿವು ನನಗೆ ತಿಂಗಳುಗಟ್ಟಲೆ ಸಿಗುತ್ತಲೇ ಇತ್ತು. ಕೆಲವು ಸಂಜೆ ಬೇಸ್‌ಮೆಂಟಿನಲ್ಲಿ ಇಂಜಿನ್ ಆಫ್ ಮಾಡಿದ ಮೇಲೂ ಮುಂದಿನ ಫ್ಯಾನು ಎರಡು ಮೂರು ನಿಮಿಷ ಭರ್ರೆಂದು ತಿರುಗುತ್ತಿತ್ತು, ಬಿಸಿ ಲೋಹದ ಕಮಟು ವಾಸನೆ ಬರುತ್ತಿತ್ತು. ಬಿಸಿಲಿಗೆ ಇರಬೇಕೆಂದು ಸುಮ್ಮನಿದ್ದೆ, ಆಷಾಢದ ಮಳೆಯಲ್ಲೂ! (ತಿಂಗಳಿಗೆ 700 ಕಿ.ಮೀ. ಓಡಿಸುವವನು ಡೀಸೆಲ್ ಕಾರು ಏಕೆ ಕೊಂಡೆ ಎಂದು ಕೇಳಬೇಡಿ. ದಾವಣಗೆರೆಯ ಭಾವನ ಮಾತು ಕೇಳಿ ಕೊಂಡೆ.)

ಸಾಗರದಿಂದ ಬಂದ ಮೇಲೆ ಈ ರಿಮೈಂಡರ್ ನಿಜಕ್ಕೂ ಏನನ್ನು ಅಳೆಯುತ್ತದೆ ಎಂದು ತಿಳಿಯುವ ಹುಕಿ ಹತ್ತಿತು. ಪರೀಕ್ಷೆ ಬಹಳ ಸುಲಭ. ಓಡೋಮೀಟರಿನ ಅಂಕಿಯನ್ನೂ ರಿಮೈಂಡರಿನ ಅಂಕಿಯನ್ನೂ ಒಂದೇ ದಿನ ಬರೆದಿಟ್ಟುಕೊಂಡೆ. ತಿಂಗಳು ಪೂರ್ತಿ ಊರೊಳಗಿನ ಜಂಗುಳಿಯಲ್ಲೇ ಓಡಿಸಿದೆ. ಓಡೋಮೀಟರ್ 412 ಏರಿತ್ತು, ರಿಮೈಂಡರ್ ಸರಿಯಾಗಿ 412 ಇಳಿದಿತ್ತು. ಅಂದರೆ ಅದು ಎಣಿಸುವ ಗುಮಾಸ್ತ, ಅಷ್ಟೇ. ಬಿಸಿಯೋ ತಂಪೋ, ಸಿಗ್ನಲ್ಲೋ ಹೆದ್ದಾರಿಯೋ, ಅದರ ಲೆಕ್ಕಕ್ಕೆ ಬರುವುದಿಲ್ಲ. ನೀವೂ ಮಾಡಿ ನೋಡಬಹುದು. ಎರಡು ಅಂಕಿಗಳೂ ಕೂದಲೆಳೆ ವ್ಯತ್ಯಾಸವಿಲ್ಲದೆ ಹೊಂದಿದರೆ ನಿಮ್ಮದೂ ಗುಮಾಸ್ತನೇ.

ಎಲ್ಲವೂ ಹೀಗಿರುವುದಿಲ್ಲ. ನ್ಯೂಜೆರ್ಸಿಯಲ್ಲಿರುವ ಚಿಕ್ಕಪ್ಪನ ಮಗಳ ಹೋಂಡಾ ಕಾರು ಆಯಿಲಿನ ಆಯುಸ್ಸನ್ನು ಶೇಕಡಾವಾರು ತೋರಿಸುತ್ತದೆ, 15ಕ್ಕೆ ಇಳಿದಾಗ ಎಚ್ಚರಿಸುತ್ತದೆ. ಜನರಲ್ ಮೋಟಾರ್ಸ್ ಇಂಥದನ್ನು 1980ರ ದಶಕದ ಕೊನೆಯಲ್ಲೇ ತಂದಿತ್ತು. ಇಂಜಿನ್ ಎಷ್ಟು ಸುತ್ತು ತಿರುಗಿತು, ಆಯಿಲಿನ ಬಿಸಿ ಎಷ್ಟಿತ್ತು ಎಂಬ ಲೆಕ್ಕದಿಂದ ಆಯುಸ್ಸನ್ನು ಅಂದಾಜು ಮಾಡುವ ವಿಧಾನ ಅದು. ಚಳಿಯಲ್ಲಿ ಚಿಕ್ಕ ಓಡಾಟ ಮಾಡಿದರೆ ಅಂಕಿ ಬೇಗ ಇಳಿಯುತ್ತದೆ. ನನ್ನ ಗುಮಾಸ್ತನಿಗಿಂತ ಎಷ್ಟೋ ಬುದ್ಧಿವಂತ. ಆದರೆ ಅದೂ ಆಯಿಲನ್ನು ಮುಟ್ಟಿ ನೋಡುವುದಿಲ್ಲ, ಒಳಗೆ ಎರಡು ಲೀಟರೇ ಉಳಿದಿದ್ದರೂ ಶೇಕಡಾ 60 ಎಂದೇ ತೋರಿಸೀತು. ಆಯಿಲಿನ ಮಟ್ಟವನ್ನೂ ಗುಣವನ್ನೂ ಸೆನ್ಸರಿನಿಂದ ಅಳೆಯುವ ಕಾರುಗಳೂ ಇವೆ, ದುಬಾರಿ ಯುರೋಪಿನವು. ಅವುಗಳಲ್ಲಿ ಕೆಲವಕ್ಕೆ ಕಡ್ಡಿಯೇ ಇಲ್ಲ. ಅಂಥ ಕಾರನ್ನು ನಾನು ಇಟ್ಟುಕೊಂಡವನಲ್ಲ, ಆ ಮಾತು ಬೇಡ.

ಕಿಲೋಮೀಟರಿನ ಲೆಕ್ಕ ಎಷ್ಟು ಮೋಸ ಮಾಡುತ್ತದೆ ಎಂಬುದು ಗಂಟೆಗೆ ಇಳಿಸಿದಾಗ ಹೊಳೆಯಿತು. ನನ್ನ ಟ್ರಿಪ್ ಮೀಟರಿನಲ್ಲಿ ಸರಾಸರಿ ವೇಗ ಗಂಟೆಗೆ 14 ಕಿ.ಮೀ. ಇದೆ. ಆ ವೇಗದಲ್ಲಿ ಎರಡು ಸರ್ವಿಸ್‌ಗಳ ನಡುವಿನ 10,000 ಕಿ.ಮೀ. ಎಂದರೆ ಇಂಜಿನ್ ಸುಮಾರು 714 ಗಂಟೆ ಉರಿದಿರುತ್ತದೆ. ಭಾವನದೂ ಇದೇ ಮಾಡೆಲ್. ಪಂಪ್‌ಸೆಟ್ ವ್ಯಾಪಾರಕ್ಕೆಂದು ಚಿತ್ರದುರ್ಗ, ಹಾವೇರಿ, ಹುಬ್ಬಳ್ಳಿ ಎಂದು ಹೆದ್ದಾರಿಯಲ್ಲೇ ಇರುವವರು. ಅವರ ಸರಾಸರಿ 52, ಅವರ 10,000ಕ್ಕೆ 192 ಗಂಟೆ ಸಾಕು. ಎರಡೂ ಕಾರುಗಳ ಸ್ಪ್ಯಾನರ್ ಒಂದೇ ಅಂಕಿಗೆ ಬೆಳಗುತ್ತದೆ. ಇದನ್ನೆಲ್ಲ ಫೋನಿನಲ್ಲಿ ವಿವರಿಸಿದರೆ ಭಾವ, “ನೀನು ಕಾರು ಓಡಿಸುವುದಕ್ಕಿಂತ ಮೂಸುವುದೇ ಹೆಚ್ಚಾಯಿತು ಮಾರಾಯ” ಎಂದರು.

ಇನ್ನೊಂದು ತಮಾಷೆ. ನಾನು ಅವಧಿಗೆ ಮೊದಲೇ ಆಯಿಲ್ ಬದಲಾಯಿಸಿದಾಗ ರಿಮೈಂಡರನ್ನು ಮರುಹೊಂದಿಸಲು ಸರ್ವಿಸ್ ಸೆಂಟರಿನವರು ಮರೆತಿದ್ದರು, ನಾನೂ ಹಾಗೆಯೇ ಬಿಟ್ಟಿದ್ದೆ. ಕೆಲವು ತಿಂಗಳ ಮೇಲೆ ಇನ್ನೂ ಚೆನ್ನಾಗಿದ್ದ ಆಯಿಲಿನ ಮೇಲೆ ಸ್ಪ್ಯಾನರ್ ಬೆಳಗಿತು, “ಸರ್ವಿಸ್ ಬಾಕಿ ಇದೆ ಸರ್” ಎಂದು ಫೋನೂ ಬಂತು. ತಿರುಗಾಮುರುಗಾ ಆಗಿದ್ದು ಸಹೋದ್ಯೋಗಿಗೆ. ಅವರು ಕೊಂಡ ಹಳೆಯ ಕಾರು 8,900 ಕಿ.ಮೀ. ಬಾಕಿ ಎನ್ನುತ್ತಿತ್ತು, ಆಯಿಲ್ ಹಾಕುವ ಮುಚ್ಚಳ ತಿರುಗಿಸಿದರೆ ಒಳಗೆ ಗಾಣದ ಗಸಿಯಂಥ ಜಿಡ್ಡು. ಗುಂಡಿ ಒತ್ತಿ ಹಿಡಿದರೆ ಆಯಿತು, ಅಂಕಿ ಹೊಸದಾಗುತ್ತದೆ. ಆಯಿಲ್ ಹೊಸದಾಗಬೇಕೆಂದೇನಿಲ್ಲ.

ಈಗ ನಾನು ಮಾಡುವುದಿಷ್ಟು. ತಿಂಗಳ ಮೊದಲ ಭಾನುವಾರ, ಕಾರು ಹೊರಡುವ ಮುನ್ನ, ಬೇಸ್‌ಮೆಂಟಿನ ಅದೇ ಸಮತಟ್ಟಾದ ಜಾಗದಲ್ಲಿ ಕಡ್ಡಿ ನೋಡುತ್ತೇನೆ. ರಾತ್ರಿಯಿಡೀ ನಿಂತಿರುವುದರಿಂದ ಆಯಿಲ್ ಪೂರ್ತಿ ಕೆಳಗೆ ಇಳಿದಿರುತ್ತದೆ. ಕಡ್ಡಿಯ ಎರಡೂ ಮಗ್ಗುಲು ನೋಡಿ, ಕಡಿಮೆ ತೋರಿಸುವುದನ್ನು ಪುಸ್ತಕದಲ್ಲಿ ಬರೆಯುತ್ತೇನೆ. ಬಣ್ಣಕ್ಕೆ ಬೆಲೆ ಕೊಡುವುದಿಲ್ಲ, ಡೀಸೆಲ್ ಇಂಜಿನ್ನಿನ ಆಯಿಲ್ ಕೆಲವು ನೂರು ಕಿಲೋಮೀಟರಿಗೇ ಕಪ್ಪಾಗುತ್ತದೆ. ಮಟ್ಟ ಏರುತ್ತಿದೆಯೇ ಎನ್ನುವುದೇ ನನಗೆ ಮುಖ್ಯ. ಹೆಂಡತಿಯ ಹಳೆಯ ಪೆಟ್ರೋಲ್ ಕಾರಿನಲ್ಲಿ ಇಳಿಯುತ್ತಿದೆಯೇ ಎಂದು ನೋಡುತ್ತೇನೆ, ಅದು 5,000 ಕಿ.ಮೀ.ಗೆ ಅರ್ಧ ಲೀಟರ್ ಕುಡಿಯುತ್ತದೆ. ಆಯಿಲ್ ಬದಲಾಯಿಸಿದ ದಿನಾಂಕ, ಓಡೋಮೀಟರಿನ ಅಂಕಿ ಎರಡನ್ನೂ ಚೀಟಿಯಲ್ಲಿ ಬರೆದು ಬಾನೆಟ್ಟಿನ ಒಳಮೈಗೆ ಅಂಟಿಸಿದ್ದೇನೆ. ಸಂಜೆ ಫ್ಯಾನು ಭರ್ರೆನ್ನುವ ಸೂಚನೆ ಸಿಕ್ಕರೆ ಇಂಜಿನ್ ಆಫ್ ಮಾಡದೆ ಗೊರಗುಂಟೆಪಾಳ್ಯದ ಮೇಲ್ಸೇತುವೆ ಹತ್ತಿ ನೆಲಮಂಗಲದವರೆಗೆ ಹೋಗಿ ಬರುತ್ತೇನೆ. ಟೋಲಿನ ದುಡ್ಡು ದಂಡವೇ, ಆದರೂ ಕಳೆದ ಆರು ತಿಂಗಳಲ್ಲಿ ಮಟ್ಟ ಏರಿದ್ದು ಕೂದಲೆಳೆಯಷ್ಟೇ. ಊರೊಳಗಿನ ಓಡಾಟಕ್ಕೆ 5,000 ಕಿ.ಮೀ. ಎಂದು ನಾನೇ ಗಡಿ ಹಾಕಿಕೊಂಡಿದ್ದೇನೆ, ಬಿಲ್ಲುಗಳನ್ನು ವಾರಂಟಿಗೆಂದು ಎತ್ತಿಡುತ್ತೇನೆ. ಸ್ಪ್ಯಾನರ್ ಏನಾದರೂ ಮೊದಲೇ ಬೆಳಗಿದರೆ, ವರ್ಷ ತುಂಬಿತೆಂದರೂ ಸರಿ, ಎದುರಾಡುವುದಿಲ್ಲ. ಅದು ಹಾಕಿದ ಗಡಿಯೊಳಗೆ ಬದಲಾಯಿಸಬಹುದು, ಗಡಿ ದಾಟಬಾರದು.

ಕೆಂಪು ಬಣ್ಣದ ಎಣ್ಣೆಡಬ್ಬಿಯ ದೀಪ ಬೇರೆ, ಅದನ್ನು ಇದರ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಅದು ಆಯಿಲಿನ ಒತ್ತಡದ್ದು. ಓಡುವಾಗ ಬೆಳಗಿದರೆ ಪಕ್ಕಕ್ಕೆ ನಿಲ್ಲಿಸಿ ಇಂಜಿನ್ ಆಫ್ ಮಾಡಬೇಕು, ಮನೆ ಮುಟ್ಟಿ ನೋಡೋಣ ಎನ್ನುವಂತಿಲ್ಲ.

ಹೋದ ತಿಂಗಳು ದಾವಣಗೆರೆಗೆ ಹೋಗಿದ್ದೆ. ಭಾವ ಬೆಣ್ಣೆದೋಸೆ ಕಟ್ಟಿಸಿಕೊಂಡು ಬರಲು ಹೋದಾಗ ಅವರ ಕಾರಿನ ಬಾನೆಟ್ ಎತ್ತಿ ಕಡ್ಡಿ ಎಳೆದೆ. ಪರದೆಯಲ್ಲಿ 2,100 ಬಾಕಿ ಇತ್ತು. ಆಯಿಲ್ ಎರಡು ಗೆರೆಗಳ ನಟ್ಟನಡುವೆ ಇತ್ತು, ಡೀಸೆಲ್ ವಾಸನೆಯ ಸುಳಿವಿಲ್ಲ. ಒರೆಸಿ, ಕಡ್ಡಿಯನ್ನು ಸದ್ದಿಲ್ಲದೆ ಒಳಗೆ ತಳ್ಳಿ, ಕೈತೊಳೆದು ದೋಸೆಗೆ ಕುಳಿತೆ.