ನರ್ಸ್‌ಗಳ ಡ್ಯೂಟಿ ಸ್ಟ್ರೆಸ್ ಅಳೆಯೋದು ಹೇಗೆ? ಫಾರಂ ಹಂಚೋಕೆ ಮುಂಚೆ ಒಂದ್ಸಲ ಓದ್ಕೊಳ್ಳಿ

ಮೊದಲ್ನೇ ಸಲ ನಾನು ಈ ಸರ್ವೆ ಮಾಡಿದಾಗ 40 ಫಾರಂ ಹಂಚಿದ್ದೆ, 38 ವಾಪಸ್ ಬಂದ್ವು, ಭಾರಿ ಖುಷಿ. ರಾತ್ರಿ ಮನೇಲಿ ಕೂತ್ಕೊಂಡು ಬಿಡಿಸಿ ನೋಡಿದ್ರೆ ಮುಕ್ಕಾಲು ಪಾಲು ಫಾರಂನಲ್ಲಿ 'ಇಲ್ವೇ ಇಲ್ಲ' ಅನ್ನೋ ಕಾಲಮ್ಮಿಗೆ ಮೇಲಿಂದ ಕೆಳಗಿನ ತನಕ ಒಂದೇ ಸಮ ಟಿಕ್ಕು. ಅದೇ ವಾರ ಇಬ್ಬರು ಪೇಷಂಟ್ ತೀರ್ಕೊಂಡಿದ್ದ ವಾರ್ಡಲ್ಲಿ, ಪೇಷಂಟ್ ಸಾಯೋದನ್ನ ನೋಡೋದ್ರಿಂದ ಯಾರಿಗೂ ಏನೂ ಅನ್ಸಲ್ವಂತೆ! ಪರಿಚಯದ ಒಬ್ಬ ಸಿಸ್ಟರನ್ನ ಕ್ಯಾಂಟೀನಲ್ಲಿ ಹಿಡಿದು ಕೇಳಿದೆ. "ಮೇಡಂ, ಫಾರಂ ಕಲೆಕ್ಟ್ ಮಾಡ್ಕೊಂಡಿದ್ದು ಇನ್‌ಚಾರ್ಜ್ ಸಿಸ್ಟರ್, ಮುಂದಿನ ತಿಂಗಳ ಡ್ಯೂಟಿ ಹಾಕೋದೂ ಅವ್ರೇ" ಅಂದ್ರು. ಅಷ್ಟೇ, ಆ 38 ಫಾರಮ್ಮೂ ರದ್ದಿಗೆ ಹೋದ ಹಾಗೆ.

ಎಂಎಸ್ಸಿ ನರ್ಸಿಂಗ್ ಮಕ್ಕಳು ನನ್ನ ಹತ್ರ ಬಂದು ಕೇಳೋ ಮೊದಲ ಪ್ರಶ್ನೆ ಯಾವಾಗ್ಲೂ "ಯಾವ ಸ್ಕೇಲ್ ತಗೊಳ್ಲಿ ಮೇಡಂ" ಅಂತ. ಸ್ಕೇಲ್ ಅಂದ್ರೆ ಅಂಕ ಕೊಟ್ಟು ಅಳೆಯೋ ಪ್ರಶ್ನೆಗಳ ಪಟ್ಟಿ. ಯಾವುದು ಅಂತ ಹೇಳ್ತೀನಿ, ಆದ್ರೆ ಫಾರಂ ಯಾರ ಕೈಗೆ ಹೋಗತ್ತೆ ಅನ್ನೋದು ಇತ್ಯರ್ಥ ಆಗದೆ ಎಂಥ ಒಳ್ಳೆ ಸ್ಕೇಲ್ ತಂದ್ರೂ ಉಪಯೋಗ ಇಲ್ಲ.

ಸ್ಕೇಲ್ ವಿಷಯ. ನರ್ಸ್‌ಗಳಿಗೇ ಅಂತ ಮಾಡಿದ್ರಲ್ಲಿ ಹಳೇದು, ಎಲ್ಲರೂ ಬಳಸೋದು ನರ್ಸಿಂಗ್ ಸ್ಟ್ರೆಸ್ ಸ್ಕೇಲ್, ಗ್ರೇ-ಟಾಫ್ಟ್ ಮತ್ತು ಆಂಡರ್ಸನ್ 1981ರಲ್ಲಿ ಮಾಡಿದ್ದು. 34 ಪ್ರಶ್ನೆ, ಒಂದೊಂದಕ್ಕೂ ಇಲ್ವೇ ಇಲ್ಲ, ಯಾವಾಗ್ಲೋ ಒಮ್ಮೆ, ಆಗಾಗ, ತುಂಬಾ ಸಲ ಅಂತ ನಾಲ್ಕು ಉತ್ತರ, 0ಯಿಂದ 3ರ ತನಕ ಅಂಕ ಕೊಟ್ರೆ ಒಟ್ಟು 102ಕ್ಕೆ. ಒಳಗೆ ಏಳು ಭಾಗ ಇದೆ: ಸಾವು ನೋವಿಗೆ 7 ಪ್ರಶ್ನೆ, ಡಾಕ್ಟರ್ ಜೊತೆ ತಿಕ್ಕಾಟಕ್ಕೆ 5, ತಯಾರಿ ಸಾಲದು ಅನ್ನೋದಕ್ಕೆ 3, ಬೆಂಬಲ ಇಲ್ಲ ಅನ್ನೋದಕ್ಕೆ 3, ಜೊತೆಯ ನರ್ಸ್‌ಗಳು ಮತ್ತೆ ಮೇಲಿನವರ ಜೊತೆ ತಿಕ್ಕಾಟಕ್ಕೆ 5, ಕೆಲಸದ ಹೊರೆಗೆ 6, ಟ್ರೀಟ್‌ಮೆಂಟ್ ಬಗ್ಗೆ ಗೊಂದಲಕ್ಕೆ 5. ಇದರಲ್ಲಿ ನಮ್ಮ ಕಡೆಗೆ ಒಂದು ದೊಡ್ಡ ಕೊರತೆ ಇದೆ. ಪೇಷಂಟ್ ಕಡೆಯವರ ಕಾಟಕ್ಕೆ ಅಂತ ಒಂದು ಭಾಗವೇ ಇಲ್ಲ. ನಮ್ಮಲ್ಲಿ ಒಂದು ಬೆಡ್ಡಿಗೆ ನಾಲ್ಕು ಜನ ನೆಂಟರು, ಅದ್ರಲ್ಲಿ ಒಬ್ಬ ಮೊಬೈಲ್ ಎತ್ಕೊಂಡು ವಿಡಿಯೋ ಮಾಡ್ತಾ "ನಿಮ್ಮ ಹೆಸ್ರೇನ್ರೀ" ಅಂತ ನಿಂತಿರ್ತಾನೆ, ಅದನ್ನ ಎಲ್ಲಿ ಬರೀಬೇಕು ಅವ್ರು? ಅದಕ್ಕೇ ನಾನು 2000ದಲ್ಲಿ ಬಂದ ವಿಸ್ತರಿಸಿದ ಸ್ಕೇಲನ್ನೇ ತಗೊಳ್ಳಿ ಅಂತೀನಿ, 57 ಪ್ರಶ್ನೆ, ಒಂಬತ್ತು ಭಾಗ, ಪೇಷಂಟ್ ಮತ್ತು ಮನೆಯವರು, ಮೇಲಧಿಕಾರಿಗಳು, ತಾರತಮ್ಯ ಮೂರೂ ಬರತ್ತೆ, 'ನಂಗೆ ಅನ್ವಯಿಸಲ್ಲ' ಅನ್ನೋ ಉತ್ತರಾನೂ ಇದೆ. ಉದ್ದ ಜಾಸ್ತಿ, ನಿಜ. ಯಾವುದೇ ಇರ್ಲಿ, ಮಾಡಿದವರ ಪರ್ಮಿಷನ್ ತಗೊಂಡು ಬಳಸಿ, ನಿಮ್ಮ ಸೀನಿಯರ್ ಥೀಸಿಸ್‌ನಿಂದ ಫೋಟೋ ಹೊಡ್ಕೊಂಡು ಅಲ್ಲ.

ಈ ಸ್ಕೇಲ್ ಅಳೆಯೋದು ಸ್ಟ್ರೆಸ್ ಎಲ್ಲಿಂದ ಬರ್ತಿದೆ ಅನ್ನೋದನ್ನ. ಒಟ್ಟಾರೆ ಆ ಮನುಷ್ಯರಿಗೆ ಎಷ್ಟು ಸ್ಟ್ರೆಸ್ ಅನ್ನಿಸ್ತಿದೆ ಅನ್ನೋದು ಬೇಕಂದ್ರೆ ಜೊತೆಗೆ 10 ಪ್ರಶ್ನೆಯ ಪರ್ಸೀವ್ಡ್ ಸ್ಟ್ರೆಸ್ ಸ್ಕೇಲ್ ಹಾಕಿ, ಕೋಹೆನ್ ಅವರದ್ದು, ಮೊದಲ್ನೇ ರೂಪ 1983ರದ್ದು, ಹೋದ ಒಂದು ತಿಂಗಳ ಬಗ್ಗೆ ಕೇಳತ್ತೆ. ಬರ್ನ್‌ಔಟ್, ಅಂದ್ರೆ ಕೆಲಸದಿಂದ ಪೂರ್ತಿ ಬಳಲಿ ಬತ್ತಿಹೋಗೋದು, ಅದು ಬೇರೇನೇ. ಅದಕ್ಕೆ ಮಾಸ್ಲಾಕ್ ಸ್ಕೇಲ್ ಫೇಮಸ್ಸು ಆದ್ರೆ ಲೈಸೆನ್ಸಿಗೆ ದುಡ್ಡು ಕೊಡ್ಬೇಕು, ಕೋಪನ್‌ಹೇಗನ್ ಬರ್ನ್‌ಔಟ್ ಇನ್ವೆಂಟರಿ ಫ್ರೀ, 19 ಪ್ರಶ್ನೆ. ಮೂರನ್ನೂ ಒಟ್ಟಿಗೆ ತುರುಕಬೇಡಿ. ನೈಟ್ ಡ್ಯೂಟಿ ಮುಗಿಸಿ ಬಸ್ಸಿಗೆ ಓಡೋರಿಗೆ ಎಂಟು ಪೇಜ್ ಕೊಟ್ರೆ ಮೂರ್ನೇ ಪೇಜಿಂದ ಕಣ್ಣು ಮುಚ್ಕೊಂಡು ಟಿಕ್ ಹಾಕ್ತಾರೆ.

ಭಾಷೆ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ಬೇಕು. ಬೆಂಗಳೂರು, ಮಂಗಳೂರು ಕಡೆ ಪ್ರೈವೇಟ್ ಆಸ್ಪತ್ರೆಗಳಲ್ಲಿ ಕನ್ನಡದವ್ರ ಜೊತೆ ಮಲಯಾಳಿ ಸಿಸ್ಟರ್‌ಗಳೂ ಬೇಕಾದಷ್ಟು ಜನ ಇರ್ತಾರೆ, ಅಲ್ಲಿ ಇಂಗ್ಲಿಷ್ ಫಾರಂ ಸಾಕು ಅಂತ ಬಿಟ್ಬಿಡ್ತೀವಿ. ಇಂಗ್ಲಿಷಲ್ಲಿ ಚಾರ್ಟ್ ಬರೆಯೋದು ಬೇರೆ, ಮನಸ್ಸಲ್ಲಿರೋದನ್ನ ಹೇಳೋದು ಬೇರೆ. ಕನ್ನಡಕ್ಕೆ ಮಾಡುವಾಗ್ಲೂ ಎಡವಟ್ಟು ಆಗತ್ತೆ. ನನ್ನ ಮೊದಲ ಫಾರಂನಲ್ಲಿ 'ವೈದ್ಯರೊಂದಿಗೆ ಸಂಘರ್ಷ' ಅಂತ ಹಾಕಿದ್ದೆ. ಒಬ್ಬ ಬ್ರದರ್ (ಗಂಡು ನರ್ಸ್) ಓದಿ ನಕ್ಕು "ನಾವ್ಯಾರೂ ಡಾಕ್ಟರ್ ಮೇಲೆ ಕೈ ಮಾಡಿಲ್ಲ ಮೇಡಂ" ಅಂದ್ರು. ಅದನ್ನೇ 'ಎಲ್ಲರ ಎದುರಿಗೆ ಡಾಕ್ಟರ್ ಬೈಯೋದು, ತಪ್ಪು ಹುಡುಕೋದು' ಅಂತ ಬದಲಾಯಿಸಿದ ಮೇಲೆ ಉತ್ತರ ಬರೋಕೆ ಶುರುವಾಯ್ತು. ಕ್ರಮ ಇಷ್ಟೇ: ಇಬ್ಬರು ಬೇರೆ ಬೇರೆಯಾಗಿ ಕನ್ನಡಕ್ಕೆ ಮಾಡ್ಲಿ, ಕೂತು ಒಂದು ಮಾಡ್ಕೊಳ್ಳಿ, ಮೂಲ ಸ್ಕೇಲ್ ನೋಡದ ಇನ್ನೊಬ್ಬರು ಅದನ್ನ ವಾಪಸ್ ಇಂಗ್ಲಿಷಿಗೆ ತರ್ಲಿ, ಅರ್ಥ ಎಲ್ಲಿ ಜಾರಿದೆ ಅಂತ ಗೊತ್ತಾಗತ್ತೆ. ಆಮೇಲೆ ಸರ್ವೇಗೆ ಸೇರದ ಹತ್ತು ಹದಿನೈದು ಜನ ನರ್ಸ್‌ಗಳ ಎದುರಿಗೆ ಕೂತು, ಈ ಸಾಲು ಓದಿದ್ರೆ ನಿಮಗೆ ಏನು ನೆನಪಾಗತ್ತೆ ಅಂತ ಕೇಳಿ. ಸಾಫ್ಟ್‌ವೇರಲ್ಲಿ ಕ್ರೋನ್‌ಬಾಕ್ ಆಲ್ಫಾ (ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದತ್ತೆ ಅನ್ನೋ ಲೆಕ್ಕ) 0.7 ದಾಟಿದ್ರೆ ಸಾಮಾನ್ಯವಾಗಿ ಪಾಸು ಅಂತಾರೆ, ಆದ್ರೆ ಎಲ್ಲಾ ಪ್ರಶ್ನೆಗೂ ಕಣ್ಮುಚ್ಚಿ ಒಂದೇ ಟಿಕ್ ಹಾಕೋರು ಜಾಸ್ತಿ ಇದ್ರೂ ಆಲ್ಫಾ ಚೆನ್ನಾಗೇ ಬರತ್ತೆ, ಅದನ್ನ ನೋಡಿ ಬೀಗಬೇಡಿ.

ಈಗ ಹಂಚೋದು. ಎಥಿಕ್ಸ್ ಕಮಿಟಿ ಪತ್ರ, ಆಸ್ಪತ್ರೆ ಪರ್ಮಿಷನ್, ಒಪ್ಪಿಗೆ ಪತ್ರ ಎಲ್ಲಾ ಬೇಕು, ಅದು ನಿಮ್ಮ ಗೈಡ್ ಹೇಳ್ತಾರೆ. ಅವ್ರು ಮರೆಯೋದು ಏನಂದ್ರೆ, ಸಹಿ ಇರೋ ಒಪ್ಪಿಗೆ ಪತ್ರಾನ ಫಾರಂ ಜೊತೆ ಪಿನ್ ಹೊಡೆದ್ರೆ ಹೆಸರು ಬರೆಸ್ಕೊಂಡ ಹಾಗೇನೇ. ಒಪ್ಪಿಗೆ ಪತ್ರ ಒಂದು ಕವರಿಗೆ, ಫಾರಂ ಇನ್ನೊಂದಕ್ಕೆ. ಎರಡ್ನೇ ಸಲ ನಾನು ಒಂದು ಚಪ್ಪಲಿ ಡಬ್ಬಕ್ಕೆ ಸುತ್ತ ಪ್ಲಾಸ್ಟರ್ ಸುತ್ತಿ, ಮೇಲೆ ಸೀಳು ಮಾಡಿ, ಡ್ರೆಸ್ ಚೇಂಜ್ ಮಾಡೋ ರೂಮಲ್ಲಿ ಇಟ್ಟೆ. ನರ್ಸಿಂಗ್ ಸ್ಟೇಷನ್ ಪಕ್ಕ ಅಲ್ಲ, ಸೂಪರಿಂಟೆಂಡೆಂಟ್ ರೂಮಿನ ಹೊರಗಂತೂ ಅಲ್ವೇ ಅಲ್ಲ. ವಾರ ಬಿಟ್ಟು ನಾನೇ ಹೋಗಿ ಒಡೆದೆ. ಕಮ್ಮಿ ಫಾರಂ ಬಂತು, ಆದ್ರೆ ಓದಿದ್ರೆ ಮನಸ್ಸಿಗೆ ಕಷ್ಟ ಆಗುವಂಥ ಫಾರಂ ಬಂತು, ಕೆಲವರು ಹಿಂದಿನ ಖಾಲಿ ಜಾಗದಲ್ಲೂ ಬರೆದಿದ್ರು.

ವಯಸ್ಸು, ವಾರ್ಡು, ಎಷ್ಟು ವರ್ಷದ ಅನುಭವ, ಗಂಡೋ ಹೆಣ್ಣೋ ಅಂತ ಎಲ್ಲಾ ಕೇಳಿದ್ರೆ ಯಾರು ಅಂತ ಗೊತ್ತಾಗೋಕೆ ಹೆಸರು ಬೇಕೇ ಇಲ್ಲ. ಎನ್‌ಐಸಿಯುನಲ್ಲಿ (ಹುಟ್ಟಿದ ಕೂಸುಗಳ ಐಸಿಯು) ಇರೋದೇ ಆರು ಜನ, ಅದ್ರಲ್ಲಿ ಒಬ್ಬರೇ ಬ್ರದರ್ರು. ವಯಸ್ಸನ್ನ ಗುಂಪು ಮಾಡಿ ಕೇಳಿ, ಸಣ್ಣ ಯೂನಿಟ್‌ಗಳನ್ನ ಕೂಡಿಸಿ ಒಂದು ಮಾಡಿ, ಹತ್ತು ಜನಕ್ಕಿಂತ ಕಮ್ಮಿ ಇರೋ ಗುಂಪಿನ ಅಂಕಾನ ರಿಪೋರ್ಟಲ್ಲಿ ಬಿಡಿಸಿ ತೋರಿಸ್ಬೇಡಿ. ಜಾತಿ ಧರ್ಮ, ವೆಜ್ಜಾ ನಾನ್‌ವೆಜ್ಜಾ ಅಂತೆಲ್ಲಾ ಕೇಳಿ ಸ್ಟ್ರೆಸ್ ಜೊತೆ ಸಂಬಂಧ ಹುಡುಕೋ ಥೀಸಿಸ್‌ಗಳನ್ನ ನೋಡಿದೀನಿ, ಯಾಕೆ ಅಂತ ಇವತ್ತಿಗೂ ಅರ್ಥ ಆಗಿಲ್ಲ. ಅದರ ಬದಲು ಕೇಳಬೇಕಾದ್ದು: ಹೋದ ತಿಂಗಳು ಎಷ್ಟು ನೈಟು, ಎಷ್ಟು ಡಬಲ್ ಡ್ಯೂಟಿ, ವೀಕ್ಲಿ ಆಫ್ ಎಷ್ಟು ಸಲ ಕ್ಯಾನ್ಸಲ್ ಆಯ್ತು, ಪರ್ಮನೆಂಟಾ ಕಾಂಟ್ರಾಕ್ಟಾ, ಒಂದು ಶಿಫ್ಟಿಗೆ ಎಷ್ಟು ಪೇಷಂಟ್. ಕೊನೇದು ಬಹಳ ಮುಖ್ಯ, ಯಾಕಂದ್ರೆ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಲೆಕ್ಕದಲ್ಲಿ ಜನರಲ್ ವಾರ್ಡಿಗೆ ಟೀಚಿಂಗ್ ಆಸ್ಪತ್ರೇಲಿ ಮೂರು ಪೇಷಂಟಿಗೆ ಒಬ್ಬ ನರ್ಸ್, ಬೇರೆ ಕಡೆ ಐದಕ್ಕೆ ಒಬ್ಬರು ಅಂತ ಇದೆ, ನಿಮ್ಮ ಫಾರಂನಲ್ಲಿ 20 ಅಂತ ಬರೆದಿದ್ರೆ ಸ್ಟ್ರೆಸ್ ಯಾಕೆ ಅಂತ ಸ್ಕೇಲ್ ಹೇಳ್ಬೇಕಾಗೇ ಇಲ್ಲ.

ಟೈಮ್ ನೋಡ್ಕೊಳ್ಳಿ. ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟಕ್ಕೆ ಮಾನ್ಯತೆ ಕೊಡೋ ಮಂಡಳಿ) ಇನ್ಸ್‌ಪೆಕ್ಷನ್ ವಾರದಲ್ಲಿ ಬೇಡ, ಹ್ಯಾಂಡೋವರ್ ಹೊತ್ತಲ್ಲಂತೂ ಯಾರೂ ಕೈಯಲ್ಲಿ ಮುಟ್ಟಲ್ಲ. ಮೂರೂ ಶಿಫ್ಟಿನವ್ರಿಗೆ ಸಿಗೋ ಹಾಗೆ ವಾರ ಪೂರ್ತಿ ಇಡಿ. ರಜೆ ಮೇಲಿರೋರು, ಇತ್ತೀಚೆಗೆ ಕೆಲಸ ಬಿಟ್ಟೋರು ನಿಮ್ಮ ಲೆಕ್ಕಕ್ಕೆ ಬರೋದೇ ಇಲ್ಲ, ಬಹುಶಃ ತಡ್ಕೊಳ್ಳೋಕಾಗದೆ ಹೋದವ್ರೇ ಅವ್ರು. ಹಾಗಾಗಿ ಹೋದ ವರ್ಷ ಎಷ್ಟು ಜನ ಬಿಟ್ರು, ಸಿಕ್ ಲೀವ್ ಎಷ್ಟು, ಸೂಜಿ ಚುಚ್ಚಿಸಿಕೊಂಡ ಕೇಸ್ ಎಷ್ಟು ಅನ್ನೋದನ್ನ ರಿಜಿಸ್ಟರಿಂದ ಪಕ್ಕದಲ್ಲಿ ಬರ್ಕೊಳ್ಳಿ.

ಅಂಕ ಕೂಡಿಸುವಾಗ ಎರಡು ಕಡೆ ಎಲ್ಲರೂ ಜಾರ್ತಾರೆ. ಒಂದು, ಪರ್ಸೀವ್ಡ್ ಸ್ಟ್ರೆಸ್ ಸ್ಕೇಲಲ್ಲಿ 4, 5, 7, 8ನೇ ಪ್ರಶ್ನೆ ಒಳ್ಳೇದನ್ನ ಕೇಳತ್ತೆ, ಅಂಕ ಉಲ್ಟಾ ಮಾಡ್ಬೇಕು, 4 ಇದ್ರೆ 0, 3 ಇದ್ರೆ 1. ಯಾರೋ ಎಲ್ಲದಕ್ಕೂ 4 ಹಾಕಿದಾರೆ ಅಂದ್ಕೊಳ್ಳಿ, ಸರಿಯಾಗಿ ಕೂಡಿಸಿದ್ರೆ 24, ಉಲ್ಟಾ ಮಾಡೋದು ಮರೆತ್ರೆ 40ಕ್ಕೆ 40! (ಎಲ್ಲದಕ್ಕೂ ಒಂದೇ ಅಂಕ ಬಂದಿದ್ರೆ ಓದದೇ ಟಿಕ್ ಹಾಕಿದಾರೆ ಅಂತಾನೂ ಅನುಮಾನ ಪಡಿ.) ಎರಡು, ನರ್ಸಿಂಗ್ ಸ್ಟ್ರೆಸ್ ಸ್ಕೇಲಲ್ಲಿ ಭಾಗಗಳ ಒಟ್ಟು ಅಂಕಾನ ನೇರವಾಗಿ ಹೋಲಿಸ್ಬಾರ್ದು. ಕೆಲಸದ ಹೊರೆಗೆ 14, ಸಾವು ನೋವಿಗೂ 14 ಬಂದಿದ್ರೆ ಎರಡೂ ಸಮ ಅಲ್ಲ, ಮೊದಲ್ನೇದು 14 ಭಾಗಿಸು 6, ಅಂದ್ರೆ 2.33, ಎರಡ್ನೇದು 14 ಭಾಗಿಸು 7, ಬರೀ 2. ಪ್ರಶ್ನೆಗೆ ಇಷ್ಟು ಅಂತ ಸರಾಸರಿ ತೆಗೆದು ಪಕ್ಕಪಕ್ಕ ಇಡಿ.

ಆಮೇಲೆ 102ನ್ನ ಮೂರು ಪಾಲು ಮಾಡಿ 'ಕಡಿಮೆ, ಮಧ್ಯಮ, ತೀವ್ರ' ಅಂತ ಬೋರ್ಡ್ ಹಾಕೋ ಚಾಳಿ ಇದೆಯಲ್ಲ, ಅದನ್ನ ಕಾಯಿಲೆ ಪತ್ತೆ ಥರ ಓದ್ಬೇಡಿ. ಇವು ಖಾಯಿಲೆ ಹೇಳೋ ಸ್ಕೇಲ್‌ಗಳಲ್ಲ. '60 ಪರ್ಸೆಂಟ್ ನರ್ಸ್‌ಗಳಿಗೆ ಮಧ್ಯಮ ಸ್ಟ್ರೆಸ್' ಅಂತ ಬರೆದ್ರೆ ಮ್ಯಾನೇಜ್‌ಮೆಂಟ್ ಒಂದು ಭಾನುವಾರ ಯೋಗ ಕ್ಲಾಸ್ ಇಡ್ತಾರೆ, ಅದೂ ಅವ್ರ ಆಫ್ ದಿನ. ಪ್ರಶ್ನೆ ಪ್ರಶ್ನೆಯಾಗಿ ಬಿಡಿಸಿ ನೋಡಿ, ಜಾಸ್ತಿ ಅಂಕ ಬಂದ ಐದು ಪ್ರಶ್ನೆ ಬರೀರಿ. ನಮ್ಮದ್ರಲ್ಲಿ ಮೊದಲು ಬಂದಿದ್ದು ಸಾವೂ ಅಲ್ಲ, ಡಾಕ್ಟರೂ ಅಲ್ಲ, 'ನರ್ಸಿಂಗಿಗೆ ಸೇರದ ಕೆಲಸಗಳು'. ಬಿಲ್ಲಿಂಗ್ ಎಂಟ್ರಿ, ಇನ್ಶೂರೆನ್ಸ್ ಪೇಪರ್, ಫಾರ್ಮಸಿ ಇಂಡೆಂಟಿಗೆ ಓಡೋದು, ಲಿಫ್ಟ್ ಮುಂದೆ ಅಟೆಂಡರಿಗೆ ಕಾಯೋದು.

ಫಾರಂ ಕೊನೇಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಅಚ್ಚು ಹಾಕ್ಸಿ, ಕನ್ನಡದಲ್ಲೂ ಮಾತಾಡ್ಬಹುದು, ದುಡ್ಡಿಲ್ಲ. ಹೆಸರಿಲ್ಲದ ಫಾರಂನಲ್ಲಿ ಯಾರಾದ್ರೂ ತುಂಬಾ ಕಷ್ಟದಲ್ಲಿದ್ರೂ ನಿಮಗೆ ಅವ್ರು ಯಾರು ಅಂತ ಗೊತ್ತಾಗಲ್ಲ, ಇದೊಂದಾದ್ರೂ ಕೈಯಲ್ಲಿರ್ಲಿ.

ರಿಸಲ್ಟನ್ನ ಮೇಲಿನವರಿಗೆ ಕೊಡೋ ದಿನಾನೇ ಡ್ರೆಸ್ ಚೇಂಜ್ ರೂಮಲ್ಲೂ ಒಂದು ಪೇಜ್ ಅಂಟಿಸಿ. ನಾನು ಅಂಟಿಸಿದ್ದಕ್ಕೆ ಯಾರೋ ಕೆಳಗೆ ನೀಲಿ ಪೆನ್ನಲ್ಲಿ ಬರೆದಿದ್ರು: "ಅಟೆಂಡರ್ ಯಾವಾಗ ಬರ್ತಾರೆ?"