ನೋವು ಶುರುವಾದದ್ದು ಎಷ್ಟು ಗಂಟೆಗೆ? ಗಂಡುಮಕ್ಕಳ ವೃಷಣ ತಿರುಚುವಿಕೆ: ನನ್ನ ಅನುಭವ

ಕೆಳಹೊಟ್ಟೆಯ ನೋವೆಂದೋ ವೃಷಣದ ನೋವೆಂದೋ ಯಾವ ಹುಡುಗ ಬಂದರೂ, ಹೆಸರು ಮತ್ತು ವಯಸ್ಸು ತಿಳಿದುಕೊಂಡ ಕೂಡಲೇ ನಾನು ಕೇಳುವುದು ನೋವು ಎಷ್ಟು ಗಂಟೆಗೆ ಶುರುವಾಯಿತು ಎಂದು. ಉತ್ತರವನ್ನು ಕೇಸ್ ಶೀಟಿನ ಮೊದಲ ಸಾಲಿನಲ್ಲಿ ಬರೆದು ಅಡಿಗೆರೆ ಎಳೆಯುತ್ತೇನೆ. ಮಕ್ಕಳ ಶಸ್ತ್ರಚಿಕಿತ್ಸಕನಾಗಿ ಕೆಲಸ ಆರಂಭಿಸಿದ ವರ್ಷಗಳಲ್ಲಿ ಈ ಅಭ್ಯಾಸ ನನಗಿರಲಿಲ್ಲ. ಅದನ್ನು ಕಲಿಸಿದವನು 13 ವರ್ಷದ ಒಬ್ಬ ಹುಡುಗ.

ಅವನಿಗೆ ರಾತ್ರಿ ಎರಡು ಗಂಟೆಗೆ ನೋವಿನಿಂದ ಎಚ್ಚರವಾಗಿತ್ತು. ಎರಡು ಬಾರಿ ವಾಂತಿ ಮಾಡಿಕೊಂಡ. ಎಲ್ಲಿ ನೋವೆಂದು ಮನೆಯವರು ಕೇಳಿದಾಗ ಹೊಟ್ಟೆ ಎಂದಷ್ಟೇ ಹೇಳಿದ. ಬೆಳಿಗ್ಗೆ ನೋಡಿದ ವೈದ್ಯರು ಹೊಟ್ಟೆಯನ್ನು ಒತ್ತಿ ನೋಡಿ, ಅಜೀರ್ಣವಿರಬಹುದೆಂದು ಔಷಧಿ ಕೊಟ್ಟು ಕಳುಹಿಸಿದ್ದರು. ಮಧ್ಯಾಹ್ನ ಅವನು ಬಗ್ಗಿಕೊಂಡು, ಕಾಲು ಅಗಲಿಸಿ ನಡೆಯುತ್ತಿರುವುದನ್ನು ಕಂಡ ತಂದೆ ಬಲವಂತವಾಗಿ ಕೇಳಿದ ಮೇಲೆ ಬಾಯಿಬಿಟ್ಟ. ನನ್ನ ಮುಂದೆ ಬಂದಾಗ ಹನ್ನೆರಡೂವರೆ. ನೋಡಿದ ತಕ್ಷಣ ನನಗೆ ಅನುಮಾನ ಬಂದಿತ್ತು, ಆದರೂ ಖಚಿತವಾಗಲಿ ಎಂದು, ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನಿಗೆ ಕಳುಹಿಸಿದೆ. ಸ್ಕ್ಯಾನ್ ಯಂತ್ರ ಬಿಡುವಾಗಿ, ವರದಿ ನನ್ನ ಕೈಸೇರುವಷ್ಟರಲ್ಲಿ ಒಂದೂಮುಕ್ಕಾಲು ಗಂಟೆ ಕಳೆದುಹೋಯಿತು. ಶಸ್ತ್ರಚಿಕಿತ್ಸೆಯಲ್ಲಿ ತೆರೆದು ನೋಡಿದರೆ ವೃಷಣ ಎರಡು ಪೂರ್ತಿ ಸುತ್ತು ತಿರುಚಿಕೊಂಡು ಕಪ್ಪಾಗಿತ್ತು. ತೆಗೆಯದೆ ಬೇರೆ ದಾರಿಯಿರಲಿಲ್ಲ. ಆ ಒಂದೂಮುಕ್ಕಾಲು ಗಂಟೆ ಉಳಿಸಿದ್ದರೆ ವೃಷಣ ಉಳಿಯುತ್ತಿತ್ತೆಂದು ನಾನು ಹೇಳಲಾರೆ, ಉಳಿಯುತ್ತಿರಲಿಲ್ಲವೆಂದೂ ಹೇಳಲಾರೆ. ಅದು ನನ್ನ ಕೈಯಲ್ಲಿದ್ದ ಸಮಯವಾಗಿತ್ತು ಎಂಬುದು ಮಾತ್ರ ನಿಜ.

ವೃಷಣವು ಒಂದು ಹುರಿಯ ತುದಿಯಲ್ಲಿ ಜೋತುಬಿದ್ದಿರುತ್ತದೆ. ಅದಕ್ಕೆ ರಕ್ತ ತರುವ ಅಪಧಮನಿ, ರಕ್ತವನ್ನು ಹಿಂದಕ್ಕೆ ಒಯ್ಯುವ ಅಭಿಧಮನಿಗಳು, ವೀರ್ಯನಾಳ, ನರಗಳು ಎಲ್ಲವೂ ಆ ಹುರಿಯೊಳಗೇ ಇರುತ್ತವೆ. ಹೆಚ್ಚಿನವರಲ್ಲಿ ವೃಷಣದ ಹಿಂಭಾಗ ವೃಷಣಚೀಲದ ಗೋಡೆಗೆ ಅಂಟಿಕೊಂಡಿರುವುದರಿಂದ ಅದು ಹೆಚ್ಚು ಹೊರಳಲಾರದು. ಕೆಲವರಲ್ಲಿ ಮಾತ್ರ ಹುಟ್ಟಿನಿಂದಲೇ ಆ ಹಿಡಿತವಿಲ್ಲದೆ, ವೃಷಣ ಗಂಟೆಯ ನಾಲಿಗೆಯಂತೆ ಸುತ್ತಲೂ ಬಿಡುವಾಗಿ ತೂಗಾಡುತ್ತದೆ, ಮತ್ತು ಈ ರಚನೆ ಬಹುತೇಕ ಎರಡೂ ಕಡೆ ಇರುತ್ತದೆ. ಹರೆಯದಲ್ಲಿ ವೃಷಣದ ತೂಕ ಬೇಗ ಹೆಚ್ಚುವುದರಿಂದ 12ರಿಂದ 18 ವರ್ಷದೊಳಗಿನವರಲ್ಲಿ ತಿರುಚುವಿಕೆ ಹೆಚ್ಚು. ಆಟದಲ್ಲಿ ಪೆಟ್ಟು ಬಿದ್ದ ಮೇಲೆ ಆಗಬಹುದು, ಏನೂ ಇಲ್ಲದೆ ನಿದ್ದೆಯಲ್ಲೂ ಆಗಬಹುದು. ಹುರಿ ಸುತ್ತಿಕೊಂಡಾಗ ತೆಳುಗೋಡೆಯ ಅಭಿಧಮನಿಗಳು ಮೊದಲು ಮುಚ್ಚಿಹೋಗುತ್ತವೆ. ಒಳಗೆ ಬಂದ ರಕ್ತ ಹೊರಗೆ ಹೋಗಲಾರದೆ ವೃಷಣ ಊದಿಕೊಳ್ಳುತ್ತದೆ, ಆ ಒತ್ತಡ ಏರಿದಂತೆ ಅಪಧಮನಿಯ ಹರಿವೂ ನಿಲ್ಲುತ್ತದೆ. ಆರು ಗಂಟೆಯೊಳಗೆ ಬಿಡಿಸಿದರೆ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ವೃಷಣಗಳು ಉಳಿಯುತ್ತವೆ. ಹನ್ನೆರಡು ಗಂಟೆಯ ಹೊತ್ತಿಗೆ ಅದು ಸುಮಾರು ಅರ್ಧಕ್ಕೆ ಇಳಿಯುತ್ತದೆ, ಒಂದು ದಿನ ದಾಟಿದರೆ ಉಳಿಯುವುದು ಅಪರೂಪ. ಅರ್ಧ ಸುತ್ತು ತಿರುಚಿದ್ದು ಎರಡು ಸುತ್ತು ತಿರುಚಿದ್ದಕ್ಕಿಂತ ಹೆಚ್ಚು ಹೊತ್ತು ತಾಳುತ್ತದೆ. ಸುತ್ತೆಷ್ಟೆಂದು ಹೊರಗಿನಿಂದ ತಿಳಿಯುವುದಿಲ್ಲವಾದ್ದರಿಂದ, ಎಷ್ಟೇ ತಡವಾಗಿ ಬಂದರೂ ನಾನು ಆತುರದಿಂದಲೇ ಕೆಲಸ ಮಾಡುತ್ತೇನೆ.

ಹುಡುಗ ಹೊಟ್ಟೆನೋವು ಎಂದದ್ದು ಪೂರ್ತಿ ನಾಚಿಕೆಯಿಂದಲ್ಲ. ಗರ್ಭದಲ್ಲಿ ವೃಷಣಗಳು ರೂಪುಗೊಳ್ಳುವುದು ಹೊಟ್ಟೆಯೊಳಗೆ, ಮೂತ್ರಪಿಂಡಗಳ ಬಳಿ. ಅಲ್ಲಿಂದ ಕೆಳಗಿಳಿಯುವಾಗ ಅವು ತಮ್ಮ ನರಗಳನ್ನೂ ಎಳೆದುಕೊಂಡೇ ಬರುವುದರಿಂದ ನೋವು ಹೊಟ್ಟೆಯಲ್ಲೇ ಕಾಣಿಸಿಕೊಳ್ಳಬಹುದು, ವಾಕರಿಕೆಯೂ ಬರಬಹುದು. ಅದಕ್ಕೆ ನಾಚಿಕೆ ಸೇರಿಕೊಂಡರೆ, "ಅಲ್ಲಿ ನೋವು" ಎಂಬ ಎರಡು ಪದ ಹೊರಬರಲು ಅರ್ಧ ದಿನ ಹಿಡಿಯುತ್ತದೆ. ಹಾಗಾಗಿ ಹೊಟ್ಟೆನೋವೆಂದು ಬಂದ ಯಾವ ಹುಡುಗನನ್ನೂ ಒಳಚಡ್ಡಿ ಇಳಿಸಿ ನೋಡದೆ ಮನೆಗೆ ಕಳುಹಿಸಬಾರದೆಂದು ನನ್ನ ಜೊತೆ ಕೆಲಸ ಮಾಡುವ ಕಿರಿಯರಿಗೆ ಪ್ರತಿ ವರ್ಷ ಹೇಳುತ್ತೇನೆ. ಒಂದು ಕಡೆಯ ಚೀಲ ಖಾಲಿಯಿದ್ದು ತೊಡೆಸಂದಿನಲ್ಲಿ ನೋವಿದ್ದರೆ, ಕೆಳಗಿಳಿಯದ ವೃಷಣವೇ ತಿರುಚಿಕೊಂಡಿರಬಹುದೆಂಬುದನ್ನೂ ಮರೆಯಬಾರದು.

ಪರೀಕ್ಷೆಯನ್ನು ನಾನು ಪರದೆಯ ಹಿಂದೆ, ಅವನು ಯಾರಿರಲಿ ಎನ್ನುತ್ತಾನೋ ಅವರನ್ನು ಜೊತೆಗಿರಿಸಿಕೊಂಡು, ಏನು ಮಾಡುತ್ತೇನೆಂದು ಮೊದಲೇ ಹೇಳಿ ಮಾಡುತ್ತೇನೆ. ಮುಟ್ಟುವ ಮೊದಲು ನೋಡುತ್ತೇನೆ. ನೋವಿನ ಕಡೆಯ ವೃಷಣ ಇನ್ನೊಂದಕ್ಕಿಂತ ಮೇಲಕ್ಕೇರಿದೆಯೇ, ನೆಟ್ಟಗಿರುವ ಬದಲು ಅಡ್ಡ ಮಲಗಿದೆಯೇ ಎಂಬುದು ಕಣ್ಣಿಗೇ ಕಾಣುತ್ತದೆ. ಆಮೇಲೆ ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತೇನೆ. ತಣ್ಣನೆಯ ಕೈ ತಾಗಿದರೆ ಚೀಲ ಸಂಕುಚಿಸಿ, ವೃಷಣಗಳೆರಡೂ ಮೇಲೆ ಸರಿದು, ಮುಂದಿನ ಪರೀಕ್ಷೆಯೇ ಕೆಡುತ್ತದೆ. ನೋವಿಲ್ಲದ ಕಡೆಯ ತೊಡೆಯ ಒಳಭಾಗವನ್ನು ಬೆರಳಿನಿಂದ ಮೇಲಿನಿಂದ ಕೆಳಕ್ಕೆ ಮೃದುವಾಗಿ ಗೀರಿದರೆ ಆ ಕಡೆಯ ವೃಷಣ ನಿಧಾನವಾಗಿ ಮೇಲೇರಿ ಮತ್ತೆ ಇಳಿಯುತ್ತದೆ. ಇದೇ ಕ್ರಿಮ್ಯಾಸ್ಟರಿಕ್ ಪ್ರತಿವರ್ತನ. ನಂತರ ನೋವಿನ ಕಡೆ ಹಾಗೆಯೇ ಗೀರುತ್ತೇನೆ. ತಿರುಚಿಕೊಂಡಿದ್ದರೆ ಸಾಮಾನ್ಯವಾಗಿ ಅಲ್ಲಿ ಏನೂ ಕದಲುವುದಿಲ್ಲ. ಎರಡೂವರೆ ವರ್ಷಕ್ಕಿಂತ ಚಿಕ್ಕವರಲ್ಲಿ ಈ ಪ್ರತಿವರ್ತನ ಸಹಜವಾಗಿಯೇ ಕಾಣದಿರಬಹುದು. ದೊಡ್ಡವರಲ್ಲೂ ಅದು ಇದೆಯೆಂಬ ಒಂದೇ ಕಾರಣಕ್ಕೆ ತಿರುಚುವಿಕೆ ಇಲ್ಲವೆಂದು ನಾನು ತೀರ್ಮಾನಿಸುವುದಿಲ್ಲ. ಕೊನೆಯದಾಗಿ ಮುಟ್ಟಿ, ಅದು ಎಷ್ಟು ಗಟ್ಟಿಯಾಗಿದೆಯೆಂದು ನೋಡುತ್ತೇನೆ.

ಈ ಚಿಹ್ನೆಗಳನ್ನೇ ಒಟ್ಟುಗೂಡಿಸಿ 2013ರಲ್ಲಿ ಪ್ರಕಟವಾದ ಟ್ವಿಸ್ಟ್ ಎಂಬ ಅಂಕಪದ್ಧತಿ ನನಗೆ ತುಂಬಾ ನೆರವಾಗಿದೆ. ಊತಕ್ಕೆ 2, ಗಟ್ಟಿಯಾಗಿದ್ದರೆ 2, ಪ್ರತಿವರ್ತನ ಇಲ್ಲದಿದ್ದರೆ 1, ವಾಕರಿಕೆ ಅಥವಾ ವಾಂತಿಗೆ 1, ಮೇಲಕ್ಕೇರಿದ್ದರೆ 1, ಹೀಗೆ ಒಟ್ಟು 7 ಅಂಕ. ಐದು ಅಥವಾ ಅದಕ್ಕಿಂತ ಹೆಚ್ಚು ಬಂದರೆ ನಾನು ಈಗ ಸ್ಕ್ಯಾನ್ ಮಾಡಿಸುವುದಿಲ್ಲ, ನೇರವಾಗಿ ಆಪರೇಷನ್ ಥಿಯೇಟರಿಗೆ ತಿಳಿಸುತ್ತೇನೆ. ಮೂರು, ನಾಲ್ಕು ಬಂದವರಿಗೆ ಸ್ಕ್ಯಾನ್ ನಿಜಕ್ಕೂ ಉಪಯುಕ್ತ. ರಕ್ತದ ಹರಿವಷ್ಟೇ ಅಲ್ಲದೆ, ಹುರಿ ಸುಳಿಯಂತೆ ಸುತ್ತಿರುವುದೂ ಅದರಲ್ಲಿ ಕಾಣಬಹುದು. ಆದರೆ ಅರೆ ತಿರುಚಿದ ವೃಷಣದಲ್ಲಿ ಸ್ವಲ್ಪ ಹರಿವು ಉಳಿದಿರುವುದರಿಂದ, ಹರಿವು ಇದೆ ಎಂಬ ವರದಿ ನನ್ನ ಅನುಮಾನವನ್ನು ಪೂರ್ತಿ ಅಳಿಸುವುದಿಲ್ಲ. ತೆರೆದು ನೋಡಿದಾಗ ತಿರುಚುವಿಕೆ ಇಲ್ಲದಿದ್ದರೆ ಹುಡುಗನಿಗೆ ಉಳಿಯುವುದು ಒಂದು ಸಣ್ಣ ಗಾಯದ ಗುರುತು. ಅದಕ್ಕಾಗಿ ನಾನು ಎಂದೂ ಪಶ್ಚಾತ್ತಾಪಪಟ್ಟಿಲ್ಲ.

ಇದನ್ನೇ ಹೋಲುವ ಬೇರೆ ತೊಂದರೆಗಳೂ ಇವೆ. 7ರಿಂದ 12 ವರ್ಷದವರಲ್ಲಿ ವೃಷಣದ ಮೇಲ್ತುದಿಗೆ ಅಂಟಿಕೊಂಡ ಕಾಳಿನಷ್ಟು ಚಿಕ್ಕ ಅವಶೇಷವೊಂದು ತಾನೇ ತಿರುಚಿಕೊಳ್ಳುವುದುಂಟು. ಆಗ ನೋವು ಮೇಲ್ತುದಿಯ ಒಂದೇ ಬಿಂದುವಿನಲ್ಲಿರುತ್ತದೆ, ಚರ್ಮದ ಮೂಲಕ ನೀಲಿ ಚುಕ್ಕೆ ಕಾಣಬಹುದು, ಪ್ರತಿವರ್ತನ ಉಳಿದಿರುತ್ತದೆ. ವಿಶ್ರಾಂತಿ ಮತ್ತು ನೋವುನಿವಾರಕದಿಂದ ಗುಣವಾಗುತ್ತದೆ. ವೃಷಣದ ಹಿಂಬದಿಗೆ ಅಂಟಿಕೊಂಡಿರುವ, ವೀರ್ಯಾಣು ಸಾಗುವ ಸುರುಳಿ ನಾಳವಾದ ಎಪಿಡಿಡಿಮಿಸ್‌ನ ಸೋಂಕಿನಲ್ಲಿ ನೋವು ಒಂದೆರಡು ದಿನಗಳಲ್ಲಿ ನಿಧಾನವಾಗಿ ಏರುತ್ತದೆ, ಜ್ವರವೋ ಉರಿಮೂತ್ರವೋ ಜೊತೆಗಿರಬಹುದು. ವೃಷಣವನ್ನು ಎತ್ತಿ ಹಿಡಿದಾಗ ನೋವು ಕಡಿಮೆಯಾದರೆ ಅದು ಸೋಂಕೇ ಎಂಬ ಹಳೆಯ ನಂಬಿಕೆಯನ್ನು ಮಾತ್ರ ನಾನು ಆಧಾರವಾಗಿ ಇಟ್ಟುಕೊಳ್ಳುವುದಿಲ್ಲ. ಹಠಾತ್ತನೆ ನೋವು ಬಂದ ಹುಡುಗನಿಗೆ ಸೋಂಕೆಂದು ಆಂಟಿಬಯೋಟಿಕ್ ಬರೆದುಕೊಟ್ಟು ಕಳುಹಿಸುವುದು ನಾನು ಕಂಡ ಅತ್ಯಂತ ದುಬಾರಿ ತಪ್ಪು.

ಥಿಯೇಟರ್ ಸಿದ್ಧವಾಗುವಷ್ಟರಲ್ಲಿ, ನೋವುನಿವಾರಕ ಕೊಟ್ಟು, ಹುಡುಗ ಒಪ್ಪಿದರೆ ಕೈಯಿಂದಲೇ ತಿರುಚು ಬಿಡಿಸಲು ಯತ್ನಿಸುತ್ತೇನೆ. ವೃಷಣ ಹೆಚ್ಚಾಗಿ ಒಳಮುಖವಾಗಿ ತಿರುಗಿರುವುದರಿಂದ, ಪುಸ್ತಕದ ಪುಟ ತೆರೆಯುವಂತೆ ಹೊರಮುಖವಾಗಿ, ಅಂದರೆ ತೊಡೆಯ ಕಡೆಗೆ ತಿರುಗಿಸಬೇಕು. ಸುಮಾರು ಮೂರರಲ್ಲಿ ಒಂದು ವೃಷಣ ವಿರುದ್ಧ ದಿಕ್ಕಿಗೆ ತಿರುಗಿರುತ್ತದೆ, ಆದ್ದರಿಂದ ನೋವು ಹೆಚ್ಚಾದರೆ ನಿಲ್ಲಿಸಿ ಇನ್ನೊಂದು ದಿಕ್ಕಿಗೆ ನೋಡುತ್ತೇನೆ. ಸರಿಯಾಗಿ ಬಿಡಿಸಿಕೊಂಡರೆ ಹುಡುಗನ ಮುಖವೇ ಹೇಳುತ್ತದೆ. ಬಿಗಿಹಿಡಿದ ಹಲ್ಲು ಸಡಿಲವಾಗುತ್ತದೆ, ವೃಷಣ ಕೆಳಗಿಳಿಯುತ್ತದೆ. ಹಾಗಾದರೂ ಶಸ್ತ್ರಚಿಕಿತ್ಸೆಯನ್ನು ನಾನು ಮುಂದೂಡುವುದಿಲ್ಲ, ಏಕೆಂದರೆ ಒಳಗೆ ಅರ್ಧ ಸುತ್ತು ಉಳಿದಿರಬಹುದು. ತಂದೆತಾಯಂದಿರು ಇದನ್ನು ಮನೆಯಲ್ಲಿ ಪ್ರಯತ್ನಿಸಬಾರದು. ಅವರಿಂದ ಆಗಬೇಕಾದದ್ದು ಹುಡುಗನಿಗೆ ತಿನ್ನಲು ಕುಡಿಯಲು ಏನೂ ಕೊಡದೆ, ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ನೇರವಾಗಿ ಕರೆತರುವುದು. ಈಗಾಗಲೇ ಊಟ ಮಾಡಿದ್ದಾನೆಂಬ ಕಾರಣಕ್ಕೆ ನಾವು ಕಾಯುವುದಿಲ್ಲ. ಅದಕ್ಕೆ ಬೇಕಾದ ಎಚ್ಚರಿಕೆಯನ್ನು ಅರಿವಳಿಕೆ ತಜ್ಞರು ವಹಿಸುತ್ತಾರೆ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವಾಗ ಎರಡು ವಿಷಯಗಳನ್ನು ತಪ್ಪದೆ ಹೇಳುತ್ತೇನೆ: ವೃಷಣ ಸತ್ತಿದ್ದರೆ ತೆಗೆಯಬೇಕಾಗುತ್ತದೆ, ಮತ್ತು ಇನ್ನೊಂದು ಕಡೆಯದನ್ನೂ ಹೊಲಿದು ಭದ್ರಪಡಿಸಬೇಕಾಗುತ್ತದೆ. ಚೀಲದ ನಡುಗೆರೆಯ ಮೇಲೆ ಸಣ್ಣ ಗಾಯ ಮಾಡಿ, ಪದರಗಳನ್ನು ಬಿಡಿಸಿ ವೃಷಣವನ್ನು ಹೊರತಂದಾಗ ಅದು ಕಡುನೇರಳೆಯಾಗಿ, ಕೆಲವೊಮ್ಮೆ ಕಪ್ಪಾಗಿ ಕಾಣುತ್ತದೆ. ಸುತ್ತುಗಳನ್ನು ಎಣಿಸುತ್ತ ಬಿಡಿಸಿ, ಬೆಚ್ಚನೆಯ ಸಲೈನಿನಲ್ಲಿ ನೆನೆಸಿದ ಬಟ್ಟೆಯಲ್ಲಿ ಅದನ್ನು ಸುತ್ತಿಡುತ್ತೇನೆ. ಆ ಹತ್ತು ಹದಿನೈದು ನಿಮಿಷದಲ್ಲಿ ಇನ್ನೊಂದು ಕಡೆಯ ವೃಷಣವನ್ನು ಕರಗದ ನೂಲಿನಿಂದ ಮೂರು ಕಡೆ ಹೊಲಿದು ನಿಲ್ಲಿಸುವ ಕೆಲಸ ಮುಗಿಯುತ್ತದೆ. ಬಟ್ಟೆ ಬಿಡಿಸುವ ಗಳಿಗೆಯಲ್ಲಿ ಥಿಯೇಟರಿನಲ್ಲಿ ಯಾರೂ ಮಾತಾಡುವುದಿಲ್ಲ. ನೇರಳೆ ತಿಳಿಯಾಗಿ ಗುಲಾಬಿಗೆ ತಿರುಗಿದ್ದರೆ ಸಂಶಯವಿಲ್ಲ. ಮಬ್ಬಾಗಿಯೇ ಉಳಿದಿದ್ದರೆ ಹೊರಪದರವನ್ನು ಒಂದಿಷ್ಟು ಕತ್ತರಿಸಿ ಕಾಯುತ್ತೇನೆ. ಕೆಂಪು ರಕ್ತ ಜಿನುಗಿದರೆ ಅದನ್ನು ಹೊಲಿದು ಒಳಗಿಡುತ್ತೇನೆ, ಹತ್ತು ನಿಮಿಷವಾದರೂ ಏನೂ ಬಾರದಿದ್ದರೆ ತೆಗೆಯುತ್ತೇನೆ.

ಒಂದು ವೃಷಣ ಕಳೆದುಕೊಂಡ ಹುಡುಗನಿಗೆ, ಉಳಿದದ್ದು ಆರೋಗ್ಯವಾಗಿದ್ದರೆ ಹಾರ್ಮೋನಿಗೂ ಮುಂದೆ ತಂದೆಯಾಗುವುದಕ್ಕೂ ಸಾಮಾನ್ಯವಾಗಿ ಅದೇ ಸಾಕೆಂದು ಅವನ ಎದುರಿಗೇ ಹೇಳುತ್ತೇನೆ. ಬೆಳವಣಿಗೆ ಮುಗಿದ ಮೇಲೆ, ಬೇಕೆನಿಸಿದರೆ, ಕೃತಕ ವೃಷಣ ಇಡಿಸಿಕೊಳ್ಳಬಹುದು. ಉಳಿಸಿಕೊಂಡ ವೃಷಣವನ್ನೂ ಕೆಲವು ತಿಂಗಳ ನಂತರ ಅಳೆದು ನೋಡುತ್ತೇನೆ. ಗುಲಾಬಿಯಾಗಿ ಕಂಡದ್ದೂ ನಿಧಾನವಾಗಿ ಕುಗ್ಗಬಹುದು, ಏಕೆಂದರೆ ರಕ್ತವಿಲ್ಲದಾಗ ವೀರ್ಯಾಣು ತಯಾರಿಸುವ ಜೀವಕೋಶಗಳು ಹಾರ್ಮೋನಿನ ಜೀವಕೋಶಗಳಿಗಿಂತ ಮೊದಲು ಸಾಯುತ್ತವೆ. ನೋವು ತೀವ್ರವಾಗಿ ಬಂದು ತಾನಾಗಿಯೇ ಹೋಗುವುದು ಕೆಲವು ಹುಡುಗರಲ್ಲಿ ಮರುಕಳಿಸುತ್ತಿರುತ್ತದೆ. ತಿರುಚಿ ತಾನೇ ಬಿಡಿಸಿಕೊಳ್ಳುವ ಅಂಥ ವೃಷಣಗಳನ್ನು, ಪೂರ್ತಿ ತಿರುಚುವ ದಿನ ಬರುವ ಮೊದಲೇ, ದಿನ ಗೊತ್ತುಮಾಡಿ ಹೊಲಿದು ಭದ್ರಪಡಿಸುತ್ತೇನೆ.

ಮನೆಗೆ ಹೊರಡುವ ದಿನ ತಂದೆತಾಯಿಯ ಜೊತೆ ಮಾತು ಮುಗಿಸಿ, ಹುಡುಗನ ಪಕ್ಕ ಕುಳಿತುಕೊಳ್ಳುತ್ತೇನೆ. ಹೊಲಿದ ವೃಷಣವೂ ಅಪರೂಪಕ್ಕೆ ಮತ್ತೆ ತಿರುಚಿಕೊಳ್ಳಬಹುದೆಂದು ತಿಳಿಸಿ, ಮತ್ತೆ ನೋವು ಬಂದರೆ ಏನು ಹೇಳುತ್ತೀಯ ಎಂದು ಕೇಳುತ್ತೇನೆ. ಹೆಚ್ಚಿನವರು ತಲೆತಗ್ಗಿಸಿ "ಅಲ್ಲಿ ನೋವು ಅಂತ" ಎನ್ನುತ್ತಾರೆ. ವೃಷಣ ಎಂಬ ಪದವನ್ನು ಅವನ ಬಾಯಿಂದಲೇ ಒಮ್ಮೆ ಹೇಳಿಸಿ, ಎಷ್ಟು ಹೊತ್ತಿಗೆ ಶುರುವಾಯಿತೆಂದು ಗಡಿಯಾರ ನೋಡಿಕೊಳ್ಳಲು ಹೇಳಿ, ಆಮೇಲೆ ಡಿಸ್ಚಾರ್ಜ್ ಕಾಗದಕ್ಕೆ ಸಹಿ ಮಾಡುತ್ತೇನೆ.