ಬಿಡಿ ಬಾಚಿಹಲ್ಲು ಮೇಲಿನದೋ ಕೆಳಗಿನದೋ: ಪತ್ತೆ ಮಾಡುವ ಬಗೆ

ದಂತವೈದ್ಯ ವಿದ್ಯಾರ್ಥಿಗಳಿಗೆ ಹಲ್ಲಿನ ರಚನೆ ಕಲಿಸುವ ಮೊದಲ ದಿನ, ಒಂದು ಬಿಡಿ ಬಾಚಿಹಲ್ಲನ್ನು ಅವರ ಅಂಗೈಗಿಟ್ಟು ಕಣ್ಣು ಮುಚ್ಚಿಕೊಳ್ಳಲು ಹೇಳುತ್ತೇನೆ. ನೀವೂ ಹಾಗೆಯೇ ಶುರು ಮಾಡಿ. ಬೇರನ್ನು ಹೆಬ್ಬೆರಳು, ತೋರುಬೆರಳುಗಳ ನಡುವೆ ಹಿಡಿದು ಹೊರಳಿಸಿ. ಸರಾಗವಾಗಿ ಉರುಳಿದರೆ ಅದು ಬಹುಮಟ್ಟಿಗೆ ಮೇಲಿನ ನಡುಹಲ್ಲು, ಅಂದರೆ ಬಾಯಿಯ ನಡುಗೆರೆಗೆ ತಾಗಿದ ಬಾಚಿಹಲ್ಲು. ಅದರ ಬೇರು ಶಂಕುವಿನಂತೆ ದುಂಡಗಿರುತ್ತದೆ. ತುಸು ತಿರುಗಿ ತಡೆದು ನಿಂತರೆ ಕೆಳಗಿನದು. ಕೆಳಗಿನ ಬಾಚಿಹಲ್ಲಿನ ಬೇರು ಎರಡೂ ಪಕ್ಕಗಳಿಂದ ಅದುಮಿದಂತೆ ಚಪ್ಪಟೆ. ಪಕ್ಕದಲ್ಲಿ ಉಗುರು ಆಡಿಸಿದರೆ ಉದ್ದಕ್ಕೂ ಸಣ್ಣ ತೋಡು ಸಿಗುತ್ತದೆ. ಇದನ್ನು ಪರೀಕ್ಷೆಯ ಅಂಕಕ್ಕಾಗಿ ಮಾತ್ರ ಕಲಿಯಬೇಡಿ. ಆ ಚಪ್ಪಟೆ ಬೇರಿನೊಳಗೆ, ಹಲ್ಲಿನ ನರ ಹಾಯುವ ನಾಳಗಳು ಎಷ್ಟೋ ಸಲ ಎರಡಿರುತ್ತವೆ. ಒಂದನ್ನೇ ಶುಚಿ ಮಾಡಿ ಚಿಕಿತ್ಸೆ ಮುಗಿಸಿದರೆ ಸೋಂಕು ಇನ್ನೊಂದರಲ್ಲಿ ಉಳಿದುಬಿಡಬಹುದು.

ಮೇಲಿನ ನಡುಹಲ್ಲಿಗೆ ಪಕ್ಕದ ಬಾಚಿಹಲ್ಲಿನ ಬೇರೂ ಕೊಂಚ ಚಪ್ಪಟೆ ಇರುವುದರಿಂದ ಬೆರಳನ್ನಷ್ಟೇ ನಂಬುವಂತಿಲ್ಲ. ಈಗ ಕಣ್ಣು ತೆರೆದು ಹಲ್ಲಿನ ಬೆನ್ನು ನೋಡಿ. ಮೇಲಿನ ಹಲ್ಲಿನ ಒಳಮೈಯಲ್ಲಿ ಎರಡು ಅಂಚುಗಳೂ ಏಣಿನಂತೆ ಎದ್ದಿರುತ್ತವೆ, ಬುಡದಲ್ಲಿ ಸಿಂಗ್ಯುಲಂ ಎಂಬ ಉಬ್ಬು, ನಡುವೆ ತಗ್ಗು. ಪಕ್ಕದ ಹಲ್ಲಿನಲ್ಲಂತೂ ಆ ತಗ್ಗು ಇನ್ನೂ ಆಳ. ಕೆಳಗಿನದರ ಬೆನ್ನು ಬಹುತೇಕ ನುಣುಪು. ನಿಮ್ಮ ನಾಲಿಗೆಯನ್ನೇ ಮೇಲಿನ ಬಾಚಿಹಲ್ಲುಗಳ ಹಿಂದೆ ಆಡಿಸಿ, ಆಮೇಲೆ ಕೆಳಗಿನವುಗಳ ಹಿಂದೆ. ವ್ಯತ್ಯಾಸ ನಾಲಿಗೆಗೇ ತಿಳಿಯುತ್ತದೆ.

ಅಗಲ ಅಳೆಯುವುದು ಕೊನೆಗೆ. ಮೇಲಿನ ನಡುಹಲ್ಲು ಸುಮಾರು 8.5 ಮಿಲಿಮೀಟರ್, ಪಕ್ಕದ್ದು 6.5. ಕೆಳಗೆ ಕ್ರಮ ತಿರುಗುಮುರುಗು: ನಡುವಿನದು ಸುಮಾರು 5, ಪಕ್ಕದ್ದು ಅದಕ್ಕಿಂತ ತುಸು ದೊಡ್ಡದು.

ಸವೆದ ಹಲ್ಲಾದರೆ ಕಚ್ಚುವ ಅಂಚಿನ ಇಳಿಜಾರು ನೋಡಿ. ಬಾಯಿ ಮುಚ್ಚಿದಾಗ ಸಾಮಾನ್ಯವಾಗಿ ಮೇಲಿನ ಹಲ್ಲು ಕೆಳಗಿನದರ ಮುಂದೆ ಬರುವುದರಿಂದ, ಮೇಲಿನದು ನಾಲಿಗೆಯ ಕಡೆಗೂ ಕೆಳಗಿನದು ತುಟಿಯ ಕಡೆಗೂ ಸವೆಯುತ್ತದೆ.

ಎಡವೋ ಬಲವೋ ಎಂಬುದು ಮುಂದಿನ ಪ್ರಶ್ನೆ. ಮೇಲಿನ ನಡುಹಲ್ಲಿನ ಒಂದು ಮೂಲೆ ಚೂಪು, ಇನ್ನೊಂದು ದುಂಡು. ಚೂಪಾದದ್ದು ಬಾಯಿಯ ನಡುಗೆರೆಯ ಕಡೆಯದು. ಕೆಳಗಿನ ನಡುಹಲ್ಲಿನ ಎರಡೂ ಮೂಲೆಗಳು ಒಂದೇ ತೆರ, ಹಾಗಾಗಿ ಅದರ ಮುಂದೆ ಆತುರ ಬೇಡ. ಬೇರಿನ ಎರಡೂ ಪಕ್ಕಗಳ ತೋಡನ್ನು ಮತ್ತೊಮ್ಮೆ ಉಗುರಿನಿಂದ ಹೋಲಿಸಿ. ಸಾಮಾನ್ಯವಾಗಿ ಹೆಚ್ಚು ಆಳವಾದದ್ದು ನಡುಗೆರೆಯಿಂದ ದೂರದ ಪಕ್ಕದ್ದು.